ಹನ್ನೆರಡೇ ಸಂಖ್ಯೆ, ಹೆಚ್ಚಿಲ್ಲ

ಪ್ರಶ್ನೆ: ಸರ್, ವರ್ಗ ಸಮೀಕರಣಕ್ಕೆ ಸೂತ್ರ ಇದೆ. 2ಎಕ್ಸ್⁴ − 3ಎಕ್ಸ್³ − 12ಎಕ್ಸ್² + 7ಎಕ್ಸ್ + 6 ಕೊಟ್ಟು ಶೂನ್ಯತೆ (ಎಕ್ಸ್‌ಗೆ ಯಾವ ಬೆಲೆ ಹಾಕಿದರೆ ಒಟ್ಟು ಸೊನ್ನೆ ಆಗುತ್ತೋ ಅದು) ಕೇಳಿದರೆ ಏನು ಮಾಡೋದು? ‘ಸಂಖ್ಯೆ ಹಾಕಿ ನೋಡು’ ಅಂತಾರೆ. ಎಷ್ಟು ಹೊತ್ತು ಹಾಕ್ತಾ ಕೂರೋದು? ಇದಕ್ಕೂ ಸೂತ್ರ ಇಲ್ವಾ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಹನ್ನೆರಡು ಸಲಕ್ಕಿಂತ ಜಾಸ್ತಿ ಬೇಡ ತಂಗಿ. ಸಹಗುಣಕಗಳೆಲ್ಲ (ಎಕ್ಸ್‌ನ ಘಾತಗಳ ಮುಂದಿನ ಅಂಕಿಗಳು, ಕೊನೆಯ ಸ್ಥಿರ ಪದವೂ ಸೇರಿ) ಪೂರ್ಣಾಂಕವಾಗಿದ್ದರೆ, ಭಾಗಲಬ್ಧ ಶೂನ್ಯತೆಯನ್ನು, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದನ್ನು, ಅತಿ ಸಂಕ್ಷಿಪ್ತ ರೂಪದಲ್ಲಿ ಬರೆದಾಗ ಅದರ ಅಂಶ ಕೊನೆಯ ಸ್ಥಿರ ಪದವನ್ನು ಭಾಗಿಸಲೇಬೇಕು, ಛೇದ ಮೊದಲ ಸಹಗುಣಕವನ್ನು. ಇಲ್ಲಿ ಕೊನೆಗೆ 6, ಮೊದಲಿಗೆ 2. ಹಾಗಾಗಿ ±1, ±2, ±3, ±6, ±1/2, ±3/2. ಅಷ್ಟೇ. 4, 5 ಹಾಕಿ ನೋಡುವವರು ಸುಮ್ನೆ ಹಾಳೆ ತುಂಬಿಸ್ತಾರೆ.

ಮೊದಲು 1. ಸಹಗುಣಕಗಳನ್ನು ಕೂಡಿದರೆ ಸಾಕು: 2 − 3 − 12 + 7 + 6 = 0. ಸಿಕ್ಕಿತು. ಆಮೇಲೆ ಮಕ್ಕಳು ಮತ್ತೆ ಅದೇ ಉದ್ದದ ಬಹುಪದೋಕ್ತಿಗೆ ಮುಂದಿನ ಸಂಖ್ಯೆ ಹಾಕ್ತಾರೆ, ಅದು ನನಗೆ ಸೇರುವುದಿಲ್ಲ. ಚಾಲಿ ಅಡಿಕೆ ಆರಿಸುವಾಗ ಬೇರೆ ತೆಗೆದ ಕೋಕಾವನ್ನು (ಕಳಪೆ ಅಡಿಕೆಯನ್ನು) ಯಾರಾದರೂ ತಿರುಗಿ ಗುಡ್ಡೆಗೆ ಸುರೀತಾರಾ? ಎಕ್ಸ್ − 1 ರಿಂದ ಆಗಲೇ ಭಾಗಿಸಿಬಿಡು. ಸಿಂಥೆಟಿಕ್ ಡಿವಿಜನ್‌ನಲ್ಲಿ (ಬರೀ ಸಹಗುಣಕಗಳನ್ನು ಸಾಲಾಗಿ ಬರೆದು ಭಾಗಿಸುವ ಚಿಕ್ಕ ದಾರಿ) ಬರುವುದು 2, −1, −13, −6, ಶೇಷ 0. ಘಾತ ಮೂರಕ್ಕೆ ಇಳಿಯಿತು. ಇದಕ್ಕೆ 3 ಹಾಕು: 54 − 9 − 39 − 6, ಮತ್ತೆ ಸೊನ್ನೆ. ಭಾಗಿಸಿದರೆ ಉಳಿಯುವುದು 2ಎಕ್ಸ್² + 5ಎಕ್ಸ್ + 2, ಅಂದರೆ (2ಎಕ್ಸ್ + 1)(ಎಕ್ಸ್ + 2). ಶೂನ್ಯತೆಗಳು 1, 3, −1/2, −2. ನಾಲ್ಕೂ ಅಪವರ್ತನಗಳನ್ನು ಪಕ್ಕಪಕ್ಕ ಬರೆದು ನೋಡು. ಕೊನೆಯ ಅಂಕಿಗಳ ಗುಣಲಬ್ಧ 6, ಮೊದಲಿನವುಗಳದ್ದು 2. ಮೇಲಿನ ನಿಯಮದ ಗುಟ್ಟು ಇಷ್ಟೇ.

ಕಾರವಾರದಲ್ಲಿ ಉತ್ತರಪತ್ರಿಕೆ ತಿದ್ದುವಾಗ ಪದೇ ಪದೇ ಕಂಡದ್ದೊಂದು: ನಡುವಿನ ಘಾತ ಇಲ್ಲದಿದ್ದರೆ ಭಾಗಿಸುವಾಗ ಅದರ ಜಾಗಕ್ಕೆ ಸೊನ್ನೆ ಬರೆಯುವುದೇ ಇಲ್ಲ. ಎಕ್ಸ್³ − 7ಎಕ್ಸ್ + 6 ಇದ್ದರೆ 1, 0, −7, 6 ಅಂತ ಶುರುಮಾಡು.

ಪಟ್ಟಿಯ ಯಾವ ಸಂಖ್ಯೆಯೂ ಹೊಂದದಿದ್ದರೆ ಭಾಗಲಬ್ಧ ಶೂನ್ಯತೆ ಇಲ್ಲ ಅಂತ ಧೈರ್ಯವಾಗಿ ಬರೆ. ಎಕ್ಸ್³ − ಎಕ್ಸ್ − 1 ಹಾಗೆಯೇ. ಆದರೆ 1 ಹಾಕಿದರೆ −1, 2 ಹಾಕಿದರೆ 5. ಚಿಹ್ನೆ ಬದಲಾಯಿತು ಅಲ್ವಾ? ನಡುವೆ ಎಲ್ಲೋ ಒಂದು ಶೂನ್ಯತೆ ಇದೆ.

ಸೂತ್ರದ ವಿಷಯ. ನಾಲ್ಕನೇ ಘಾತಕ್ಕೆ ಇದೆ. ಇಟಲಿಯ ಗಣಿತಜ್ಞ ಫೆರಾರಿ ಕಂಡುಹಿಡಿದದ್ದನ್ನು ಅವನ ಗುರು ಕಾರ್ಡಾನೊ 1545ರಲ್ಲಿ ಅಚ್ಚು ಹಾಕಿಸಿದ. ಪರೀಕ್ಷೆಯಲ್ಲಿ ಅದನ್ನು ಬಳಸಲು ಹೋಗಬೇಡ, ಗಂಟೆ ಬಾರಿಸಿದರೂ ಮುಗಿಯುವುದಿಲ್ಲ. ಐದನೇ ಘಾತಕ್ಕೆ ಎಲ್ಲದಕ್ಕೂ ಒಗ್ಗುವ ಅಂಥ ಸೂತ್ರ ಸಾಧ್ಯವೇ ಇಲ್ಲ ಅಂತ 1824ರಲ್ಲಿ ನಾರ್ವೆಯ ಗಣಿತಜ್ಞ ಅಬೆಲ್ ಸಾಧಿಸಿ ತೋರಿಸಿದ.