ಬ್ಯಾಗು ಬದಲಿಸುವ ಕೈ ಯಾರದಿರಬೇಕು?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ತಂದೆಯವರಿಗೆ ಶಾಶ್ವತ ಕೊಲಾಸ್ಟಮಿ (ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಅಲ್ಲಿಂದ ಬ್ಯಾಗಿಗೆ ಬೀಳುವಂತೆ ಮಾಡುವುದು) ಮಾಡಿದ್ದಾರೆ. ನಾಲ್ಕು ತಿಂಗಳಾದರೂ ಅವರು ಅದರತ್ತ ನೋಡುವುದಿಲ್ಲ. ಮಗಳಾದ ಇವರೇ ದಿನಾ ಬ್ಯಾಗು ಬದಲಿಸುತ್ತಾರೆ. ಸುತ್ತಲ ಚರ್ಮ ಕೆಂಪಾಗಿ ಉರಿಯುತ್ತಿದೆ. ಬ್ಯಾಗು ತುಂಬೀತೆಂದು ತಂದೆ ಗಂಜಿ ಮಾತ್ರ ಕುಡಿಯುತ್ತಾರೆ, ಮುಂದಿನ ತಿಂಗಳು ಮೊಮ್ಮಗಳ ಮದುವೆಗೂ ಬರುವುದಿಲ್ಲ ಎನ್ನುತ್ತಾರೆ. ಅವರಿಗೆ ಹೇಗೆ ಧೈರ್ಯ ಹೇಳಲಿ ಎಂದು ಕೇಳಿದ್ದಾರೆ.

ಸೋದರಿ, ಧೈರ್ಯ ಹೇಳುವುದನ್ನು ಸದ್ಯ ಬಿಡಿ, ಬಂದವರೆಲ್ಲ ಅದನ್ನು ಹೇಳಿಯೇ ಇರುತ್ತಾರೆ. ಬ್ಯಾಗಿನ ರಂಧ್ರ ಕತ್ತರಿಸುವ ಕತ್ತರಿಯನ್ನು ಅವರ ಕೈಗೇ ಕೊಡಿ. ಮಗಳಿಂದ ಈ ಕೆಲಸ ಮಾಡಿಸಿಕೊಳ್ಳುವ ಸಂಕೋಚವೇ ಅವರನ್ನು ಹೆಚ್ಚು ಕುಗ್ಗಿಸಿರಬಹುದು.

ಮೊದಲು ಆ ಉರಿಯ ವಿಚಾರ. ಸ್ಟೋಮಾ ಎಂದರೆ ಹೊಟ್ಟೆಯ ಮೇಲೆ ತಂದು ಹೊಲಿದ ಕರುಳಿನ ತುದಿ. ಕೆಂಪಗೆ, ಒದ್ದೆಯಾಗಿ, ತುಟಿಯ ಒಳಭಾಗದಂತಿರುತ್ತದೆ. ಮುಟ್ಟಿದರೆ ನೋವಾಗದು. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಆಪರೇಷನ್ ಆದ ಆರೆಂಟು ವಾರಗಳಲ್ಲಿ ಬಾವು ಇಳಿದು ಅದು ಚಿಕ್ಕದಾಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಹಳೆಯ ಅಳತೆಗೇ ಬ್ಯಾಗಿನ ಅಂಟು ಭಾಗದಲ್ಲಿ ಇನ್ನೂ ರಂಧ್ರ ಕತ್ತರಿಸುತ್ತಿದ್ದರೆ ನಡುವೆ ಜಾಗ ಉಳಿದು, ಮಲ ತಾಗಿ ಚರ್ಮ ಉರಿಯುತ್ತದೆ. ಮತ್ತೆ ಅಳೆಯಿರಿ, ರಂಧ್ರ ಸ್ಟೋಮಾಗಿಂತ 2-3 ಮಿ.ಮೀ. ದೊಡ್ಡದಿದ್ದರೆ ಸಾಕು. ದಿನವೂ ಕೀಳುವುದೂ ಚರ್ಮಕ್ಕೆ ಪೆಟ್ಟೇ. ಬುಡ ತೆರೆಯುವ ಬ್ಯಾಗಾದರೆ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿದರಾಯಿತು. ಸೋರಿಕೆ, ತುರಿಕೆ ಇಲ್ಲದಿದ್ದರೆ ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಬಹುದು, ಖರ್ಚೂ ಉಳಿಯುತ್ತದೆ. ಬರೀ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆ, ಕ್ರೀಮು ಹಚ್ಚಿದರೆ ಬ್ಯಾಗು ಅಂಟುವುದಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ, ಕನ್ನಡಿಯ ಮುಂದೆ, ಅವರೇ ಮಾಡಲಿ. ನೀವು ಪಕ್ಕದಲ್ಲಿದ್ದರೆ ಸಾಕು.

ಗಂಜಿಯ ವ್ರತ ಬೇಡ. ಉಪವಾಸವಿದ್ದರೂ ಕರುಳು ಸುಮ್ಮನಿರದು, ಗಾಳಿ ಹೆಚ್ಚುತ್ತದೆ ಅಷ್ಟೆ. ವೈದ್ಯರನ್ನೊಮ್ಮೆ ಕೇಳಿಕೊಂಡು ಮುದ್ದೆ, ಅನ್ನ, ಸಾರು ಒಂದೊಂದಾಗಿ ಶುರುಮಾಡಿ. ಎಲೆಕೋಸು, ಕಾಳು, ಈರುಳ್ಳಿ ಹಲವರಿಗೆ ಗಾಳಿ ತರಿಸುತ್ತವೆ. ಮೊಟ್ಟೆ, ಮೀನು ವಾಸನೆ ಹೆಚ್ಚಿಸಬಹುದು. ಮಜ್ಜಿಗೆಯಿಂದ ವಾಸನೆ ತಗ್ಗಿತೆನ್ನುವವರಿದ್ದಾರೆ. (ನಮ್ಮ ಕಡೆ ಮಜ್ಜಿಗೆ ಕುಡಿಯಲು ಯಾರ ಚೀಟಿಯೂ ಬೇಕಿಲ್ಲ.)

ಮನೆಯಿಂದ ಹೊರಬೀಳಲು ಹೆದರುವವರಲ್ಲಿ ನಿಮ್ಮ ತಂದೆಯೇ ಮೊದಲಿಗರಲ್ಲ. ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್‌ಸೆನ್ ಅವರ ತಂಗಿ, ಇಂಥದೇ ಆಪರೇಷನ್ ಆಗಿದ್ದ ಥೋರಾಗೂ ಇದೇ ಹೆದರಿಕೆಯಿತ್ತು. ಅವಳಿಗಾಗಿಯೇ 1954ರಲ್ಲಿ ಎಲಿಸೆ ಮೈಗೆ ಅಂಟುವ ಬ್ಯಾಗಿನ ಯೋಚನೆ ಮಾಡಿದ್ದು. ನಿಮ್ಮ ತಂದೆಯವರು ಇವತ್ತು ಕಟ್ಟಿಕೊಂಡಿರುವುದು ಅದರ ವಂಶದ್ದೇ.

ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ರಕ್ತ ನಿಲ್ಲದಿದ್ದರೆ, ಹೊಟ್ಟೆನೋವು ವಾಂತಿಯ ಜೊತೆ ಏನೂ ಹೊರಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಳತೆ ಸರಿಮಾಡಿದ ಮೇಲೂ ಚರ್ಮ ಮಾಯದಿದ್ದರೆ ಸ್ಟೋಮಾ ನರ್ಸ್‌ಗೆ ತೋರಿಸಿ. ಭಾರ ಎತ್ತಲು ಬಿಡಬೇಡಿ, ಹರ್ನಿಯಾ ಆಗಬಹುದು.

ಮದುವೆಗೆ ಹೊರಡುವಾಗ ಮೊದಲೇ ರಂಧ್ರ ಕತ್ತರಿಸಿಟ್ಟ ಎರಡು ಬ್ಯಾಗು, ಹಳೆಯ ಮೆತ್ತನೆ ಬಟ್ಟೆ, ನೀರಿನ ಬಾಟಲಿ, ಒಂದು ಪ್ಲಾಸ್ಟಿಕ್ ಕವರ್ ಅವರ ಕೈಚೀಲದಲ್ಲಿರಲಿ. ಛತ್ರಕ್ಕೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ಎಂದು ತೋರಿಸಿಬಿಡಿ.