ಸಂಪಾದಕರ ಉತ್ತರ: ಪುಸ್ತಕಕ್ಕೆ ಒಪ್ಪದವರು, ಪ್ರಮಾಣಕ್ಕೆ ಒಪ್ಪದವರು

ಓದುಗರ ಪತ್ರ: "ಇಂಗ್ಲೆಂಡಿನ ಚರ್ಚ್ ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ, 1662ರಲ್ಲಿ ಪ್ರಾರ್ಥನಾ ಪುಸ್ತಕವೊಂದನ್ನು ಒಪ್ಪದ ಕಾರಣಕ್ಕೆ ಬಹಳಷ್ಟು ಪಾದ್ರಿಗಳು ಹುದ್ದೆ ಕಳೆದುಕೊಂಡರು ಎಂದಿದೆ. ಮಂಡಿಯೂರುವುದು, ಶಿಲುಬೆಯ ಗುರುತು ಹಾಕುವುದು, ಬಿಳಿ ನಿಲುವಂಗಿ ತೊಡುವುದು, ಇಷ್ಟಕ್ಕೆ ಹೆಂಡತಿ ಮಕ್ಕಳನ್ನು ಬೀದಿಗೆ ತರಬೇಕಿತ್ತೇ? ಪುಸ್ತಕ ಓದಿ ಮನೆ ಉಳಿಸಿಕೊಳ್ಳಬಹುದಿತ್ತಲ್ಲ? 1689ರಲ್ಲಿ ಪ್ರಮಾಣ ಮಾಡದೆ ಹೋದ ಬಿಷಪ್ಪರೂ ಇವರ ಕಡೆಯವರೇ?" – ಓದುಗರೊಬ್ಬರು, ಶಿವಮೊಗ್ಗ

ಪುಸ್ತಕ ಓದಿದ್ದರೆ ಸಾಕಿತ್ತು ಎನ್ನುವುದಾದರೆ ಅವರಲ್ಲಿ ಅನೇಕರು ಓದಿಯೇ ಓದುತ್ತಿದ್ದರು. 1662ರ ಮೇ 19ರಂದು ರಾಜನ ಅಂಕಿತ ಬಿದ್ದ ಏಕರೂಪತೆ ಕಾಯ್ದೆ ಅದಕ್ಕಿಂತ ಬಹಳ ಮುಂದೆ ಹೋಯಿತು. ಆಗಸ್ಟ್ 24ಕ್ಕೆ, ಅಂದರೆ ಸಂತ ಬಾರ್ತಲೊಮಾಯನ ಹಬ್ಬಕ್ಕೆ ಮೊದಲಿನ ಯಾವುದಾದರೂ ಒಂದು ಭಾನುವಾರ, ಪಾದ್ರಿ ತನ್ನ ಸಭೆಯ ಎದುರು ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯನ್ನು ಹೊಸ ಪುಸ್ತಕದಿಂದ ಓದಬೇಕು. ಓದಿದ ಮೇಲೆ, ಅದರಲ್ಲಿರುವ ಎಲ್ಲಕ್ಕೂ, ಒಂದೊಂದಕ್ಕೂ, ತನ್ನ ನಿಷ್ಕಪಟ ಸಮ್ಮತಿ ಇದೆಯೆಂದು ಬಾಯಿಬಿಟ್ಟು ಹೇಳಬೇಕು. ಯಾವ ನೆಪದಿಂದಲೂ ರಾಜನ ವಿರುದ್ಧ ಆಯುಧ ಎತ್ತುವುದು ಧರ್ಮವಲ್ಲ ಎಂದು ಬರೆದುಕೊಡಬೇಕು. ರಾಜ ಮತ್ತು ಪಾರ್ಲಿಮೆಂಟಿನ ನಡುವಿನ ಅಂತರ್ಯುದ್ಧದ ಕಾಲದಲ್ಲಿ, ಬಿಷಪ್ ಪದವಿಯನ್ನು ತೆಗೆದುಹಾಕುತ್ತೇವೆಂದು ದೇವರ ಹೆಸರಿನಲ್ಲಿ ಆಗಿದ್ದ ಕವನೆಂಟ್ ಒಪ್ಪಂದ ಯಾರನ್ನೂ ಕಟ್ಟಿಹಾಕದು, ಅದೇ ಅಕ್ರಮ ಎಂದೂ ಬರೆದುಕೊಡಬೇಕು. ಆ ಒಪ್ಪಂದಕ್ಕೆ ಸ್ವತಃ ಕೈಯೆತ್ತಿದ್ದವನು ಇದಕ್ಕೆ ಸಹಿ ಹಾಕುವುದೆಂದರೆ, ತಾನು ದೇವರಿಗೆ ಕೊಟ್ಟ ಮಾತನ್ನು ಪೊಳ್ಳೆಂದು ತನ್ನ ಊರಿನವರ ಮುಂದೆ ಒಪ್ಪಿಕೊಂಡಂತೆ. ನೀವು ಹೆಸರಿಸಿದ ಮೂರು ಆಚರಣೆಗಳ ಬಗ್ಗೆ ತಕರಾರು ಇದ್ದದ್ದು ನಿಜ. 1661ರ ಏಪ್ರಿಲ್‌ನಿಂದ ಜುಲೈವರೆಗೆ ಲಂಡನ್ನಿನ ಸವಾಯ್‌ನಲ್ಲಿ 12 ಬಿಷಪ್ಪರು ಮತ್ತು 12 ಪ್ರೆಸ್ಬಿಟೀರಿಯನ್ ಪಾದ್ರಿಗಳು, ಅಂದರೆ ಬಿಷಪ್ಪರ ಬದಲು ಪಾದ್ರಿ ಮತ್ತು ಹಿರಿಯರ ಮಂಡಳಿಯ ಆಡಳಿತ ಬಯಸಿದವರು, ಕೂತು ಅವನ್ನು ಚರ್ಚಿಸಿದರು, ಒಪ್ಪಂದವಾಗಲಿಲ್ಲ. ಆದರೆ ಕಿಡರ್‌ಮಿನ್‌ಸ್ಟರಿನ ರಿಚರ್ಡ್ ಬ್ಯಾಕ್ಸ್‌ಟರ್‌ನಂಥವರಿಗೆ ನುಂಗಲಾಗದೆ ಹೋದದ್ದು "ಎಲ್ಲಕ್ಕೂ, ಒಂದೊಂದಕ್ಕೂ" ಎಂಬ ಮಾತು. ಬ್ಯಾಕ್ಸ್‌ಟರ್ ಬಿಷಪ್‌ನಿಂದಲೇ ದೀಕ್ಷೆ ಪಡೆದವರು. 1660ರಲ್ಲಿ ಹೆರೆಫರ್ಡಿನ ಬಿಷಪ್ ಪದವಿ ತಾನಾಗಿ ಬಂದಾಗ ಬೇಡವೆಂದವರು. ಕಾಯ್ದೆ ಬಂದ ವಾರದಲ್ಲೇ, ಮೇ 25ಕ್ಕೆ, ಅವರು ಉಪದೇಶ ನಿಲ್ಲಿಸಿಬಿಟ್ಟರು. ತಾನು ಒಪ್ಪುವವನಲ್ಲ ಎಂಬುದು ಉಳಿದವರಿಗೆ ಬೇಗ ತಿಳಿಯಲಿ ಎಂದು.

ಇನ್ನೊಂದು ಷರತ್ತು ಇದಕ್ಕಿಂತ ಬಿರುಸಾಗಿತ್ತು. ಬಿಷಪ್‌ನಿಂದ ದೀಕ್ಷೆ ಆಗಿಲ್ಲದವನು ಪ್ಯಾರಿಷ್, ಅಂದರೆ ಪಾದ್ರಿಗೆ ಒಪ್ಪಿಸಿದ ಊರಿನ ಚರ್ಚು, ಇಟ್ಟುಕೊಳ್ಳುವಂತಿಲ್ಲ. 1646ರಲ್ಲಿ ಪಾರ್ಲಿಮೆಂಟು ಬಿಷಪ್ ಪದವಿಯನ್ನೇ ತೆಗೆದುಹಾಕಿತ್ತು. ಆಮೇಲಿನ ಹದಿನಾಲ್ಕು ವರ್ಷ ಹಿರಿಯ ಪಾದ್ರಿಗಳೇ ಸೇರಿ ಕಿರಿಯರಿಗೆ ದೀಕ್ಷೆ ಕೊಡುತ್ತಿದ್ದರು. ಈಗ ಅಂಥವನು ಮತ್ತೆ ದೀಕ್ಷೆಗೆ ತಲೆಬಾಗಿದರೆ, ಈವರೆಗೆ ತಾನು ಪಾದ್ರಿಯೇ ಆಗಿರಲಿಲ್ಲ, ತಾನು ಬಡಿಸಿದ ಪ್ರಭುಭೋಜನ ಪ್ರಭುಭೋಜನವೇ ಅಲ್ಲ ಎಂದಾಯಿತು. ಇದೇ ಗಂಟು ನಮ್ಮ ಕಡೆಯೂ ಎದುರಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಕೂಡಿಕೊಂಡಾಗ, ಬಿಷಪ್ಪರ ದೀಕ್ಷೆ ಇಲ್ಲದ ಮೆಥಡಿಸ್ಟ್, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೀರಿಯನ್ ಪಾದ್ರಿಗಳನ್ನು ಮರುದೀಕ್ಷೆ ಕೇಳದೆ ಸೇರಿಸಿಕೊಂಡರು. ಮುಂದಿನ ದೀಕ್ಷೆಗಳು ಮಾತ್ರ ಬಿಷಪ್ಪರಿಂದ ಎಂದು ಗೊತ್ತುಮಾಡಿದರು. 1662ರ ಕಾಯ್ದೆಯಲ್ಲಿ ಇಂಥದೊಂದು ವಾಕ್ಯ ಇದ್ದಿದ್ದರೆ ನೂರಾರು ಮಂದಿ ಉಳಿಯುತ್ತಿದ್ದರೆಂದು ನಾವು ನಂಬುತ್ತೇವೆ.

ಇನ್ನು ಹೆಂಡತಿ ಮಕ್ಕಳ ಮಾತು. ಪ್ಯಾರಿಷ್ ಪಾದ್ರಿಯ ಜೀವನ ನಡೆಯುತ್ತಿದ್ದದ್ದು ಮುಖ್ಯವಾಗಿ ದಶಮಾಂಶದಿಂದ, ಅಂದರೆ ಊರಿನ ಬೆಳೆ ಮತ್ತು ಮರಿಗಳ ಹತ್ತನೇ ಒಂದು ಪಾಲಿನಿಂದ. ಅದು ಸಾಮಾನ್ಯವಾಗಿ ಕೈಸೇರುತ್ತಿದ್ದದ್ದು ಸೆಪ್ಟೆಂಬರ್ 29ರ ಮೈಕಲ್‌ಮಸ್ ಹೊತ್ತಿಗೆ. ಗಡುವು ಆಗಸ್ಟ್ 24. ಐದು ವಾರದ ಈ ಅಂತರದಲ್ಲಿ ಇಡೀ ವರ್ಷದ ವರಮಾನ ಹೋಯಿತು. ದಿನವನ್ನು ಬೇಕೆಂದೇ ಹೀಗೆ ಆರಿಸಿದರೆಂದು ಮುಂದೆ ಬಿಷಪ್ ಆದ ಗಿಲ್ಬರ್ಟ್ ಬರ್ನೆಟ್ ಬರೆದಿದ್ದಾರೆ. ಪುಸ್ತಕ ಅಚ್ಚಿನಿಂದ ಹೊರಬಂದದ್ದೇ ಆಗಸ್ಟ್ ಮೊದಲ ವಾರದ ಸುಮಾರಿಗೆ. ದೂರದ ಪ್ಯಾರಿಷ್‌ಗಳಿಗೆ ಅದು ಸಮಯಕ್ಕೆ ಮುಟ್ಟಲಿಲ್ಲ. ಕಣ್ಣಿಂದ ನೋಡದ ಪುಸ್ತಕಕ್ಕೆ ನಿಷ್ಕಪಟ ಸಮ್ಮತಿ ಸೂಚಿಸಬೇಕಾದ ಪರಿಸ್ಥಿತಿ ಹಲವರದ್ದು.

ಇಲ್ಲಿ ಎದುರು ಪಕ್ಷದ ಲೆಕ್ಕವನ್ನೂ ಹೇಳಲೇಬೇಕು. 1640ರ ದಶಕದಲ್ಲಿ ಪಾರ್ಲಿಮೆಂಟಿನವರು ರಾಜನಿಷ್ಠ ಪಾದ್ರಿಗಳಿಂದ ಎರಡು ಸಾವಿರಕ್ಕೂ ಹೆಚ್ಚು ಪ್ಯಾರಿಷ್ ಕಿತ್ತುಕೊಂಡಿದ್ದರು. ಅವರಲ್ಲಿ ಬದುಕಿ ಉಳಿದವರು 1660ರಲ್ಲಿ ರಾಜನ ಆಳ್ವಿಕೆ ಮರಳಿದೊಡನೆ ಹಿಂದಿರುಗಿದಾಗ, ಅವರ ಜಾಗದಲ್ಲಿದ್ದವರು ಎದ್ದು ಹೋಗಬೇಕಾಯಿತು. ಹಾಗಾಗಿ 1660ರಿಂದ 1662ರವರೆಗೆ ಪ್ಯಾರಿಷ್ ಕಳೆದುಕೊಂಡ ಸುಮಾರು 1,760 ಮಂದಿಯಲ್ಲಿ ಎಲ್ಲರೂ ಪುಸ್ತಕದ ಕಾರಣಕ್ಕೆ ಹೋದವರಲ್ಲ. ನಮ್ಮ ಲೇಖನದಲ್ಲಿ ಈ ವಿವರಕ್ಕೆ ಜಾಗ ಸಿಕ್ಕಿರಲಿಲ್ಲ. ಆದರೆ ಒಂದು ವ್ಯತ್ಯಾಸ ದೊಡ್ಡದು. ಪಾರ್ಲಿಮೆಂಟಿನವರು ಹೊರಹಾಕಿದ ಪಾದ್ರಿಯ ಹೆಂಡತಿ ಮಕ್ಕಳಿಗೆ ಆ ಪ್ಯಾರಿಷ್‌ನ ವರಮಾನದಲ್ಲಿ ಐದನೇ ಒಂದು ಪಾಲಿನವರೆಗೆ ಕೊಡಬೇಕೆಂಬ ನಿಯಮ ಮಾಡಿದ್ದರು. ವಸೂಲಿ ಮಾಡುವುದು ಕಷ್ಟವಿತ್ತು, ಆದರೂ ಹಕ್ಕು ಎಂಬುದೊಂದು ಇತ್ತು. 1662ರಲ್ಲಿ ಅಂಥ ಪಾಲನ್ನು ಸೇರಿಸಬೇಕೆಂದು ಲಾರ್ಡ್ಸ್ ಸಭೆ ಹೇಳಿದರೂ ಕಾಮನ್ಸ್ ಸಭೆ ಒಪ್ಪಲಿಲ್ಲ. ಸೇಡು ಎಂಬ ಮಾತನ್ನು ನಾವು ಬಳಸುವುದು ಇದಕ್ಕೇ.

ಹೊರಬಿದ್ದವರಿಗೆ ಮುಂದೆ ದುಡಿಯುವ ದಾರಿಗಳೂ ಒಂದೊಂದಾಗಿ ಮುಚ್ಚಿದವು. ಶಾಲೆ ತೆರೆಯೋಣವೆಂದರೆ ಮೇಷ್ಟ್ರಿಗೂ ಅದೇ ಕಾಯ್ದೆ ಅನ್ವಯ. 1664ರ ಕಾಯ್ದೆಯಂತೆ ಮನೆಯವರಲ್ಲದೆ ಐದು ಅಥವಾ ಹೆಚ್ಚು ಮಂದಿ ಪ್ರಾರ್ಥನಾ ಪುಸ್ತಕಕ್ಕೆ ಹೊರತಾದ ಪ್ರಾರ್ಥನೆಗೆ ಸೇರಿದರೆ ಮೊದಲ ಸಲ 5 ಪೌಂಡ್ ಅಥವಾ ಮೂರು ತಿಂಗಳ ಸೆರೆ, ಮೂರನೇ ಸಲಕ್ಕೆ ಗಡೀಪಾರು ಅಥವಾ 100 ಪೌಂಡ್. 1665ರ ಕಾಯ್ದೆ, ಹೊಸದೊಂದು ಪ್ರಮಾಣ ಮಾಡದ ಹೊರತು, ಅವರು ಹಿಂದೆ ಸೇವೆ ಮಾಡಿದ ಊರಿನ ಐದು ಮೈಲಿಯೊಳಗೆ ಬರುವಂತಿಲ್ಲ ಎಂದಿತು; ತಪ್ಪಿದರೆ 40 ಪೌಂಡ್. 1670ರಲ್ಲಿ ಹಾಜರಾದವರ ದಂಡವನ್ನು 5 ಶಿಲಿಂಗ್‌ಗೆ ಇಳಿಸಿ, ಉಪದೇಶಕನಿಗೆ 20 ಪೌಂಡ್ ಇಟ್ಟರು. ಬಂದ ದಂಡದಲ್ಲಿ ಮೂರನೇ ಒಂದು ಪಾಲು ಸುಳಿವು ಕೊಟ್ಟವನಿಗೆ. ಊರಿನಲ್ಲಿ ಚಾಡಿ ಹೇಳುವುದೇ ಒಂದು ಕಸುಬಾಯಿತು.

1689ರ ಬಿಷಪ್ಪರು ಇವರ ಕಡೆಯವರಲ್ಲ. ಅವರು ಪ್ರಾರ್ಥನಾ ಪುಸ್ತಕವನ್ನು ಮನಸಾರೆ ಒಪ್ಪಿದವರು, ರಾಜನನ್ನು ಎದುರಿಸುವುದು ಪಾಪವೆಂದು ದಶಕಗಳಿಂದ ಬೋಧಿಸಿದವರು. ಆರ್ಚ್‌ಬಿಷಪ್ ಸ್ಯಾಂಕ್ರಾಫ್ಟ್ ಮತ್ತು ಆರು ಬಿಷಪ್ಪರು 1688ರಲ್ಲಿ ರಾಜ ಎರಡನೇ ಜೇಮ್ಸ್‌ನ ಧಾರ್ಮಿಕ ಸಡಿಲಿಕೆಯ ಘೋಷಣೆಯನ್ನು ಚರ್ಚುಗಳಲ್ಲಿ ಓದಿಸಲಾರೆವೆಂದು ಅರ್ಜಿ ಕೊಟ್ಟು, ವಿಚಾರಣೆ ಎದುರಿಸಿ, ಜೂನ್ 30ರಂದು ಬಿಡುಗಡೆಯಾದರು. ಜೇಮ್ಸ್ ಓಡಿಹೋಗಿ ವಿಲಿಯಂ ಮತ್ತು ಮೇರಿ ಪಟ್ಟಕ್ಕೆ ಬಂದಾಗ, ಅದೇ ಏಳು ಮಂದಿಯಲ್ಲಿ ಐವರು ಹೊಸ ಪ್ರಮಾಣ ಮಾಡಲಿಲ್ಲ. ಜೇಮ್ಸ್ ಬದುಕಿರುವಾಗ ಅವನಿಗೆ ಕೊಟ್ಟ ಮಾತನ್ನು ಪಾರ್ಲಿಮೆಂಟು ಬಿಡಿಸಲಾರದು ಎಂಬುದೇ ಅವರ ವಾದ. ಆಜ್ಞೆ ಪಾಲಿಸದಿರುವುದು ಬೇರೆ, ರಾಜನನ್ನು ಬಿಟ್ಟುಕೊಡುವುದು ಬೇರೆ ಎಂದು ಅವರು ಎಣಿಸಿದ್ದರಿಂದ ಈ ಎರಡು ನಡೆಗಳಲ್ಲಿ ವಿರೋಧ ಕಾಣಲಿಲ್ಲ.

ಪ್ರಮಾಣ ಬರೆದವರು ಜಾಣತನದಿಂದ "ನ್ಯಾಯಬದ್ಧ ಹಕ್ಕಿನ" ರಾಜ ಎಂಬ ಮಾತನ್ನು ಬಿಟ್ಟು, ನಿಷ್ಠೆಯನ್ನಷ್ಟೇ ಕೇಳಿದ್ದರು. ಬಹುಪಾಲು ಪಾದ್ರಿಗಳು ಈ ಸಂದಿಯಲ್ಲಿ ನುಸುಳಿಕೊಂಡರು. ಗಡುವು ಆಗಸ್ಟ್ 1. ಆಮೇಲೆ ಆರು ತಿಂಗಳ ಅಮಾನತು. 1690ರ ಫೆಬ್ರವರಿ 1ಕ್ಕೆ ಪದಚ್ಯುತಿ. ಸುಮಾರು 400 ಮಂದಿ ಹೋದರು. ಅವರನ್ನು ನಾನ್‌ಜ್ಯೂರರ್‌ಗಳೆಂದು, ಅಂದರೆ ಪ್ರಮಾಣ ಮಾಡದವರೆಂದು, ಕರೆಯುತ್ತಾರೆ. ಅವರ ಪಕ್ಷಕ್ಕೆ ಬಿದ್ದ ದೊಡ್ಡ ಏಟು ಒಳಗಿನಿಂದಲೇ ಬಂತು. ತಮಗೆ ಬಲ ಬರಲೆಂದು ಸ್ಯಾಂಕ್ರಾಫ್ಟ್ 1690ರಲ್ಲಿ ಬಿಷಪ್ ಓವರಲ್‌ರ ಹಳೆಯ ಕಡತವೊಂದನ್ನು ಅಚ್ಚು ಹಾಕಿಸಿದರು. ಪ್ರಮಾಣಕ್ಕೆ ಒಲ್ಲೆನೆಂದಿದ್ದ ವಿಲಿಯಂ ಶರ್ಲಾಕ್ ಅದೇ ಕಡತದಲ್ಲಿ, ಪೂರ್ತಿಯಾಗಿ ನೆಲೆನಿಂತ ಆಳ್ವಿಕೆ ಹೇಗೆ ಬಂದಿದ್ದರೂ ದೇವರ ಅಧಿಕಾರವೇ ಎಂಬ ಮಾತು ಕಂಡು, ಪ್ರಮಾಣ ಮಾಡಿದರು. 1691ರಲ್ಲಿ ಸಂತ ಪೌಲರ ಕೆಥೆಡ್ರಲ್ಲಿನ ಡೀನ್, ಅಂದರೆ ಅಲ್ಲಿನ ಮುಖ್ಯ ಪಾದ್ರಿ, ಆದರು. ಲಾಭಕ್ಕೆ ತಿರುಗಿದರೆಂದು ಆಗ ಆಡಿಕೊಂಡವರು ಬಹಳ. ಆದರೂ ಅವರ ವಾದವನ್ನು ವಾದವಾಗಿಯೇ ತೂಗಬೇಕು, ಅದು ಹಗುರವಾದದ್ದಲ್ಲ.

1702ರಲ್ಲಿ ಆ ಸಂದಿಯೂ ಮುಚ್ಚಿತು. ಹೊಸ ಪ್ರಮಾಣದಲ್ಲಿ, ಬಿಟ್ಟಿದ್ದ ಆ ಮಾತನ್ನು ಸೇರಿಸಿ, ಜೇಮ್ಸ್‌ನ ಮಗನ ಹಕ್ಕನ್ನು ಬಾಯಾರೆ ನಿರಾಕರಿಸಬೇಕೆಂದರು. ಹೀಗಾಗಿ ಮುಂದಿನ ತಲೆಮಾರಿನಲ್ಲೂ ಹುದ್ದೆ ಕಳೆದುಕೊಂಡವರು ಹುಟ್ಟಿದರು. ಮೊದಲನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಪ್ರಮಾಣ ಮಾಡದೆ ಕೇಂಬ್ರಿಜ್‌ನ ಇಮ್ಯಾನ್ಯುಯಲ್ ಕಾಲೇಜಿನ ಫೆಲೋ ಸ್ಥಾನ ಕಳೆದುಕೊಂಡ ವಿಲಿಯಂ ಲಾ ಅವರಲ್ಲೊಬ್ಬರು. 1717ರಲ್ಲಿ ಬ್ಯಾಂಗರ್‌ನ ಬಿಷಪ್ ಹೋಡ್ಲಿ, ಕ್ರಿಸ್ತನ ರಾಜ್ಯ ಈ ಲೋಕದ್ದಲ್ಲ, ಆದ್ದರಿಂದ ಅವನ ಹೆಸರಿನಲ್ಲಿ ಯಾವ ಚರ್ಚೂ ಮನಸ್ಸಾಕ್ಷಿಯನ್ನು ಆಳಲಾರದು ಎಂದು ರಾಜನ ಮುಂದೆ ಉಪದೇಶಿಸಿದಾಗ, ಎದ್ದ ನೂರಾರು ಕರಪತ್ರಗಳ ನಡುವೆ ಇಂದಿಗೂ ಓದಿಸಿಕೊಳ್ಳುವ ಉತ್ತರ ಕೊಟ್ಟದ್ದು ಈ ಲಾ. ಅವರ ಮೂರು ಪತ್ರಗಳಿಗೆ ಹೋಡ್ಲಿ ನೇರ ಉತ್ತರ ಬರೆಯಲಿಲ್ಲ.

– ಸಂ.