ಗಾಡಿ, ಹೊಳೆ ಮತ್ತು ಕಾನ್‌ಸ್ಟೆಬಲ್

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ‘ದಿ ಹೇ ವೇನ್’ (ಹುಲ್ಲಿನ ಗಾಡಿ) ಚಿತ್ರಕ್ಕೆ ಎರಡು ಪುಟ ಕೊಟ್ಟಿದ್ದು ನಿಮಗೆ ಹಿಡಿಸಿಲ್ಲ. “ಒಂದು ಗಾಡಿ, ಒಂದಿಷ್ಟು ನೀರು, ಒಂದು ಮನೆ, ನಾಲ್ಕು ಮರ. ಇಂಗ್ಲೆಂಡ್ ಬಿಟ್ಟು ಆಚೆ ಹೋಗದ ಮನುಷ್ಯ ತನ್ನೂರನ್ನೇ ತಿರುಗಿ ತಿರುಗಿ ಬರೆದರೆ ಅದರಲ್ಲಿ ದೊಡ್ಡದೇನಿದೆ?” ಅಂತ ಪತ್ರದಲ್ಲಿ ಕೇಳಿದ್ದೀರಿ. ಈ ಚಿತ್ರಕಾರನ ಮೇಲೆ ನನಗೆ ಪ್ರೀತಿ ಜಾಸ್ತಿ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ.

ಆತ ಹೊರದೇಶ ನೋಡಲಿಲ್ಲ ಅನ್ನುವುದು ನಿಜ. ಹುಟ್ಟಿದ್ದು 1776ರಲ್ಲಿ, ಸಫೊಕ್‌ನ ಈಸ್ಟ್ ಬರ್ಗೋಲ್ಟ್ ಊರಿನಲ್ಲಿ. ಅಪ್ಪನದು ಧಾನ್ಯದ ವ್ಯಾಪಾರ. ಸ್ಟೂರ್ ಹೊಳೆಯ ದಡದಲ್ಲಿ ಹಿಟ್ಟಿನ ಗಿರಣಿಗಳಿದ್ದವು, ಗಾಳಿಗಿರಣಿಯೂ ಇತ್ತು. ಹುಡುಗ ಕೆಲಕಾಲ ಅಲ್ಲೇ ದುಡಿದ. ಗಾಳಿಗಿರಣಿ ನಡೆಸುವವನು ಸುಮ್ನೆ ಆಕಾಶ ನೋಡುವುದಿಲ್ಲ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬರುತ್ತದೆ ಅಂತ ಮೊದಲೇ ಗೊತ್ತಾಗಬೇಕು. ಆ ಕಣ್ಣು ಕೊನೇತನಕ ಅವನ ಜೊತೆಗಿತ್ತು. 1821 ಮತ್ತು 1822ರಲ್ಲಿ ಲಂಡನ್ನಿನ ಹತ್ತಿರದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ನಿಂತು ಬರೀ ಮೋಡಗಳನ್ನು ಎಣ್ಣೆಬಣ್ಣದಲ್ಲಿ ಬರೆದ. ಎಷ್ಟೋ ಚಿತ್ರಗಳ ಹಿಂದೆ ತಾರೀಕು, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿಟ್ಟಿದ್ದಾನೆ.

ಈಗ ನಿಮ್ಮ ಗಾಡಿಗೆ ಬರೋಣ. ಆ ಚಿತ್ರ ಊರಿನಲ್ಲಿ ಬರೆದದ್ದಲ್ಲ. ಲಂಡನ್ನಿನ ಮನೆಯಲ್ಲಿ, ಹಳೆಯ ಸ್ಕೆಚ್‌ಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಮೊದಲು ಅಷ್ಟೇ ದೊಡ್ಡದಾದ, ಆರಡಿ ಅಗಲದ ಕರಡು ಚಿತ್ರ ಮಾಡಿಕೊಂಡ. ಗಾಡಿಯ ವಿವರ ಸಾಲದಾದಾಗ ಊರಿನಿಂದ ಅದರ ಚಿತ್ರ ತರಿಸಿಕೊಂಡ. ಬೇರೆಯವರಿಗೆ ಯಾವ ಗಾಡಿಯಾದರೂ ನಡೆಯುತ್ತಿತ್ತು. ಇವನಿಗೆ ಅದೇ ಗಾಡಿ ಬೇಕಿತ್ತು.

ನಮ್ಮ ಪುಟವನ್ನು ಇನ್ನೊಮ್ಮೆ ತೆಗೆದು ನೋಡಿ. ಗಾಡಿ ಖಾಲಿ. ಬಲಗಡೆ ದೂರದ ಹುಲ್ಲುಗಾವಲಿನಲ್ಲಿ ಇನ್ನೊಂದು ಗಾಡಿಗೆ ಹುಲ್ಲು ತುಂಬುತ್ತಿದ್ದಾರೆ, ಜನ ಚುಕ್ಕೆಗಳ ಹಾಗೆ ಕಾಣುತ್ತಾರೆ. ಕುದುರೆಗಳ ಮೇಲೆ ಕೆಂಪು ಸಜ್ಜು. ಅಷ್ಟೇ ಕೆಂಪು ಸುತ್ತಲಿನ ಹಸಿರನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಮರವೆಂದರೆ ಕಂದು ಬಣ್ಣ ಅನ್ನುವ ರೂಢಿಯಿದ್ದ ಕಾಲದಲ್ಲಿ ಆತ ಹಸಿರನ್ನು ಹಸಿರಾಗಿಯೇ ಬರೆದ, ಎಲೆಯ ಮೇಲಿನ ಹೊಳಪಿಗೆ ಬಿಳಿ ಚುಕ್ಕೆ ಇಟ್ಟ. ಅದನ್ನು ‘ಕಾನ್‌ಸ್ಟೆಬಲ್‌ನ ಹಿಮ’ ಅಂತ ಆಡಿಕೊಂಡರು.

1821ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿಯಲ್ಲಿ ಈ ಚಿತ್ರ ಇಟ್ಟಾಗ ಯಾರೂ ಕೊಳ್ಳಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ದೊಡ್ಡ ಕಲಾಪ್ರದರ್ಶನವಾದ ಸಲೋನ್‌ನಲ್ಲಿ ಅದಕ್ಕೇ ಚಿನ್ನದ ಪದಕ! ಅದನ್ನು ಕಂಡ ಫ್ರೆಂಚ್ ಚಿತ್ರಕಾರ ದೆಲಾಕ್ರುವಾ ತನ್ನದೇ ದೊಡ್ಡ ಚಿತ್ರವೊಂದನ್ನು ಮತ್ತೆ ತಿದ್ದಿದ. ಕಾನ್‌ಸ್ಟೆಬಲ್ ಮಾತ್ರ ಪ್ಯಾರಿಸ್ಸಿಗೆ ಹೋಗಲೇ ಇಲ್ಲ.

ಅದದೇ ಬರೆದ ಅನ್ನುವ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬದುಕು ಬದಲಾದ ಹಾಗೆ ಅವನ ಚಿತ್ರವೂ ಬದಲಾಯಿತು. ಮರಾಯಾ ಬಿಕ್ನೆಲ್‌ಳನ್ನು ಪ್ರೀತಿಸಿ, ಅವಳ ಅಜ್ಜನ ವಿರೋಧದಿಂದ ವರ್ಷಗಟ್ಟಲೆ ಕಾದು, 1816ರಲ್ಲಿ ಮದುವೆಯಾದ. 1828ರಲ್ಲಿ ಆಕೆ ಕ್ಷಯದಿಂದ ತೀರಿಕೊಂಡಳು, ಏಳು ಮಕ್ಕಳನ್ನು ಬಿಟ್ಟು. ಮರುವರ್ಷ, 52ನೇ ವಯಸ್ಸಿನಲ್ಲಿ, ಒಂದೇ ಒಂದು ಮತದ ಅಂತರದಿಂದ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದ. ಇಷ್ಟು ವರ್ಷ ಕಾದ ಸುದ್ದಿ ಬಂದಾಗ ಹೇಳಿಕೊಳ್ಳಲು ಹೆಂಡತಿಯೇ ಇರಲಿಲ್ಲ. ಅದೇ ವರ್ಷ ಪ್ರದರ್ಶನಕ್ಕಿಟ್ಟ ‘ಹ್ಯಾಡ್ಲಿ ಕ್ಯಾಸಲ್’ ನೋಡಿ: ಸೀಳಿ ನಿಂತ ಕೋಟೆ, ಹರಿದು ಚದುರಿದ ಮೋಡ, ಒರಟಾದ ಬಣ್ಣ. ಹೇ ವೇನ್‌ನ ನೆಮ್ಮದಿಯ ಮಧ್ಯಾಹ್ನ ಅಲ್ಲಿ ಎಲ್ಲೂ ಇಲ್ಲ.

1837ರಲ್ಲಿ ಆತ ಸತ್ತ ಮೇಲೆ ಸ್ಕೆಚ್‌ಗಳು ಬಹಳ ವರ್ಷ ಮಕ್ಕಳ ಹತ್ತಿರವೇ ಇದ್ದವು. 1888ರಲ್ಲಿ ಮಗಳು ಇಸಬೆಲ್ ನೂರಾರು ಕೃತಿಗಳನ್ನು ಲಂಡನ್ನಿನ ಸಂಗ್ರಹಾಲಯಗಳಿಗೆ ಕೊಟ್ಟಳು. ಮುಂದಿನ ಸಂಚಿಕೆಯಲ್ಲಿ ಎರಡು ಮೋಡದ ಚಿತ್ರ ಹಾಕುತ್ತೇವೆ, ಜೊತೆಗೆ ‘ಹ್ಯಾಡ್ಲಿ ಕ್ಯಾಸಲ್’ ಕೂಡ. ನೋಡಿ, ಆಮೇಲೂ ಅಸಮಾಧಾನ ಉಳಿದರೆ ದಯವಿಟ್ಟು ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ